ಇದು ಕಂಠದಾನವಲ್ಲ, ಕಂಠದ ದುಡಿಮೆ

ಸಿನಿಮಾ, ಕಾರ್ಟೂನ್, ವಿಡಿಯೊ ಗೇಮ್‌ಗಳ ಪಾತ್ರಗಳಿಗೆ ದನಿ ಕೊಡುವವರನ್ನು ನಾವು ‘ಕಂಠದಾನ ಕಲಾವಿದರು’ ಎನ್ನುತ್ತೇವೆ. ಕೇಳಲು ಗೌರವದ ಮಾತೇ. ಆದರೆ ನಾಲ್ಕು ವರ್ಷಗಳಿಂದ ಇದೇ ಕೆಲಸ ಮಾಡಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಿರುವ ನನಗೆ ಅದರಲ್ಲಿನ ‘ದಾನ’ ಎಂಬ ಪದ ಆಗಾಗ ಚುಚ್ಚುತ್ತದೆ. ದಾನ ಕೊಟ್ಟವರು ಲೆಕ್ಕ ಕೇಳಬಾರದು, ಹೆಸರು ಬಯಸಬಾರದು, ಕೊಟ್ಟದ್ದು ಆಮೇಲೆ ಏನಾಯಿತು ಎಂದು ವಿಚಾರಿಸಬಾರದು. ನಮ್ಮಲ್ಲಿ ದನಿಯ ಕೆಲಸ ನಡೆಯುತ್ತಿರುವುದೂ ಹೆಚ್ಚುಕಡಿಮೆ ಹೀಗೆಯೇ. ಈ ಕೆಲಸಕ್ಕೆ ಬರಬೇಕೆಂದಿರುವ ನನ್ನ ವಯಸ್ಸಿನವರು ಮೊದಲು ಬಿಡಬೇಕಾದದ್ದು ಈ ದಾನದ ಮನಸ್ಸನ್ನು ಎಂಬುದು ನನ್ನ ಅಭಿಪ್ರಾಯ.

ಗದಗಿನ ಕಡೆಯ ನಮ್ಮೂರಿಗೆ ಹೋದಾಗಲೆಲ್ಲ ಕಾಲೇಜು ಹುಡುಗರು ಕೇಳುವ ಪ್ರಶ್ನೆ ಒಂದೇ: ‘ಅಕ್ಕಾ, ನನ್ನ ವಾಯ್ಸ್ ಚಲೋ ಐತಿ ಅಂತಾರ, ಡಬ್ಬಿಂಗ್ ಮಾಡ್ಬಹುದೇನು?’ ದನಿ ಚೆನ್ನಾಗಿರುವುದು ಇಲ್ಲಿ ದೊಡ್ಡ ಬಂಡವಾಳವಲ್ಲ. ಗಡಸು ದನಿಯವರು, ಇಂಪು ದನಿಯವರು ಬೇಕಾದಷ್ಟು ಸಿಗುತ್ತಾರೆ. ಬೇಕಿರುವುದು ನಟನೆ. ಅದೂ ಮುಖ, ಕೈಕಾಲು, ವೇಷ ಯಾವುದೂ ಕಾಣದ, ಎದುರಿಗೆ ಸಹನಟರೂ ಇಲ್ಲದ ನಟನೆ. ನಾನು ಹೆಚ್ಚಾಗಿ ಮಾಡುವುದು ಏಳೆಂಟು ವರ್ಷದ ಗಂಡುಹುಡುಗರ ಪಾತ್ರ. ಇದೇನೂ ಹೊಸದಲ್ಲ. ಅಮೆರಿಕದ ‘ದಿ ಸಿಂಪ್ಸನ್ಸ್’ನ ತುಂಟ ಹುಡುಗ ಬಾರ್ಟ್‌ಗೆ ದಶಕಗಳಿಂದ ದನಿಯಾಗಿರುವವರು ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಮಹಿಳೆ. ಜಪಾನಿನಲ್ಲಿ ‘ಡೋರೆಮಾನ್’ಗೆ 1979ರಿಂದ 2005ರವರೆಗೆ ದನಿ ಕೊಟ್ಟವರು ನೊಬುಯೊ ಒಯಾಮಾ.

ಅನಿಮೇಷನ್‌ನಲ್ಲಿ ಎರಡು ಬಗೆಯ ಕೆಲಸವಿದೆ. ಹೊಸದಾಗಿ ತಯಾರಾಗುವ ಚಿತ್ರವಾದರೆ ಸಾಮಾನ್ಯವಾಗಿ ದನಿಯೇ ಮೊದಲು. ನಟರು ಆಡಿದ ಮಾತನ್ನು ಕೇಳಿಕೊಂಡು ಚಿತ್ರಕಾರರು ಬಾಯಿ, ಹುಬ್ಬು, ಕಣ್ಣು ಆಡಿಸುತ್ತಾರೆ. ಪಾತ್ರದ ಅರ್ಧ ಜೀವ ಅಲ್ಲಿಯೇ ಹುಟ್ಟುತ್ತದೆ. ಡಬ್ಬಿಂಗ್‌ನಲ್ಲಿ ಇದು ತಿರುಗುಮುರುಗು. ಚಿತ್ರ ಸಿದ್ಧವಾಗಿರುತ್ತದೆ, ಬೇರೆ ಭಾಷೆ ಆಡಿದ ಬಾಯಿಗೆ ನಾವು ಕನ್ನಡ ತುಂಬಬೇಕು. ಪ, ಬ, ಮ ಅಕ್ಷರ ಬಂದಲ್ಲಿ ಪರದೆಯ ಮೇಲೆ ತುಟಿ ಮುಚ್ಚಿರಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆಯೇ ಬಂದುಬಿಡುತ್ತದೆ, ಕನ್ನಡದಲ್ಲಿ ಕೊನೆಗೆ ಬರುತ್ತದೆ. ಪಾತ್ರ ಬಾಗಿಲಿನತ್ತ ಬೊಟ್ಟು ಮಾಡುವ ಹೊತ್ತಿಗೆ ‘ಬಾಗಿಲು’ ಎಂಬ ಮಾತು ಬಾಯಲ್ಲಿರಬೇಕು. ಉಸಿರು ತೆಗೆದುಕೊಳ್ಳುವುದೂ ಲೆಕ್ಕ. ಬಳೆ ಸದ್ದು ಮಾಡಬಾರದು, ಕಾಗದ ಸರಭರ ಎನ್ನಬಾರದು, ಹಸಿದ ಹೊಟ್ಟೆ ಗುಡುಗಿದರೂ ಮೈಕ್ ಹಿಡಿದುಬಿಡುತ್ತದೆ.

ವಿಡಿಯೊ ಗೇಮ್‌ನ ಕೆಲಸ ಇನ್ನೂ ಬೇರೆ. ಅಲ್ಲಿ ಎಷ್ಟೋ ಸಲ ದೃಶ್ಯವೇ ಇರುವುದಿಲ್ಲ. ಸಾಲುಗಳ ಪಟ್ಟಿಯೊಂದನ್ನು ಕೈಗೆ ಕೊಡುತ್ತಾರೆ. ‘ಓಡು!’ ಎಂಬ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಬೇಕು, ಏಕೆಂದರೆ ಆಡುವವರು ಯಾವ ಸಂದರ್ಭದಲ್ಲಿ ಅಲ್ಲಿಗೆ ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಸಣ್ಣ ಏಟು, ದೊಡ್ಡ ಏಟು, ಮೇಲಿನಿಂದ ಬೀಳುವುದು, ನೀರಿನಲ್ಲಿ ಮುಳುಗುವುದು, ಬೆಂಕಿಯಲ್ಲಿ ಬೇಯುವುದು ಎಲ್ಲಕ್ಕೂ ಬೇರೆ ಬೇರೆ ಕೂಗು. ಮೊಬೈಲ್ ಗೇಮ್ ಒಂದಕ್ಕೆ ಮಧ್ಯಾಹ್ನವಿಡೀ ಹೀಗೆ ಕಿರುಚಿದ ಮೇಲೆ ಎರಡು ದಿನ ನನಗೆ ಗಂಟಲು ಏಳಲಿಲ್ಲ. ಆ ಎರಡು ದಿನದ ಸಂಪಾದನೆಯೂ ಇಲ್ಲ. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾ 2016ರಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ ಗಂಟಲಿನ ಸುರಕ್ಷತೆಯೂ ಬೇಡಿಕೆಗಳಲ್ಲಿ ಒಂದಾಗಿತ್ತು. ಅದೇಕೆ ಎಂಬುದು ನನಗೆ ಆ ದಿನ ಅರ್ಥವಾಯಿತು.

ಕೆಲಸ ಇಷ್ಟು ಕಷ್ಟದ್ದಾದರೆ ಅವಕಾಶ ಎಷ್ಟಿದೆ? ಹೊರಗಿನ ಲೆಕ್ಕ ದೊಡ್ಡದು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಒಂದೇ ಗೇಮ್‌ನಲ್ಲಿ ಸುಮಾರು 1,200 ನಟರು ದುಡಿದಿದ್ದರು, ಅವರಲ್ಲಿ 700 ಮಂದಿಗೆ ಮಾತುಗಳಿದ್ದವು ಎಂದು ಅದರ ತಯಾರಕರು ಹೇಳಿಕೊಂಡಿದ್ದರು. ಕನ್ನಡದ ಕಥೆ ಬೇರೆ. 1960ರ ದಶಕದಲ್ಲಿ ಅ.ನ.ಕೃ., ಡಾ. ರಾಜ್‌ಕುಮಾರ್ ಅವರಂಥವರು ಡಬ್ಬಿಂಗ್ ವಿರುದ್ಧ ದನಿ ಎತ್ತಿದರು. ಆಗಿನ್ನೂ ಎಳೆಯದಾಗಿದ್ದ ಕನ್ನಡ ಚಿತ್ರರಂಗದ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರ ಹಿಂದಿತ್ತು. ಕಾನೂನಿನಲ್ಲಿ ಎಲ್ಲೂ ಇಲ್ಲದ ಆ ನಿಷೇಧ ಐದು ದಶಕ ನಡೆಯಿತು. 2009ರಲ್ಲಿ ಚಿಂಟು ಟಿವಿ ಬಂದಾಗ ಮಕ್ಕಳಿಗೆ ಕನ್ನಡದಲ್ಲಿ ಕಾರ್ಟೂನ್ ಸಿಕ್ಕಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಆದೇಶಿಸಿ, ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಕೆಲವು ಸಂಘಟನೆಗಳಿಗೆ ದಂಡ ವಿಧಿಸಿತು. ಆಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಮಾತಾಡಿತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. 2025ರ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರವನ್ನು ನಮ್ಮೂರ ಮಕ್ಕಳು ಕನ್ನಡದಲ್ಲಿಯೇ ನೋಡಿದರು.

ಅಂದರೆ ಅಜ್ಜನ ಕಾಲದಲ್ಲಿ ಮುಚ್ಚಿದ ಬಾಗಿಲು ನಮ್ಮ ಕಾಲಕ್ಕೆ ತೆರೆಯಿತು. ನಾವು ಒಳಗೆ ಬಂದು ಕೂರುವಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ದನಿ ಬಂದು ಪಕ್ಕದಲ್ಲಿ ನಿಂತಿದೆ.

ಕಳೆದ ವರ್ಷ ನನಗೂ ನನ್ನ ರೂಮ್‌ಮೇಟ್‌ಗೂ ಒಂದು ಕೆಲಸ ಬಂತು. ಕೆಲವು ಸಾವಿರ ಕನ್ನಡ ವಾಕ್ಯಗಳನ್ನು ಸಿಟ್ಟು, ಅಳು, ನಗು ಹೀಗೆ ಬೇರೆ ಬೇರೆ ಭಾವದಲ್ಲಿ ಓದಿಕೊಡಬೇಕು. ಕೊಡುವ ಹಣ ನನ್ನ ಮೂರು ತಿಂಗಳ ಸಂಪಾದನೆಗೆ ಸಮ. ಕರಾರಿನಲ್ಲಿ ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ತಂತ್ರಜ್ಞಾನಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲಿತ್ತು. ಈ ದನಿಯನ್ನು ಯಾವುದಕ್ಕೆ ಬಳಸುತ್ತೀರಿ, ಎಷ್ಟು ಕಾಲ, ಇದರಿಂದ ತಯಾರಾದ ದನಿ ನಾಳೆ ನನ್ನ ಪಾತ್ರವನ್ನೇ ಮಾಡಿದರೆ ನನಗೇನು ಎಂದು ಕೇಳಿದೆ. ‘ಎಲ್ಲರೂ ಸಹಿ ಹಾಕಿದ್ದಾರೆ ಮೇಡಂ’ ಎಂಬ ಉತ್ತರ ಬಂತು. ನಾನು ಒಪ್ಪಲಿಲ್ಲ. ಗೆಳತಿ ಒಪ್ಪಿದಳು. ಅವಳ ತಮ್ಮನ ಕಾಲೇಜು ಫೀಸು ಕಟ್ಟಬೇಕಿತ್ತು. ಅವಳನ್ನು ನಾನು ದೂರಲಾರೆ. ಫೀಸಿನ ಕೊನೆಯ ದಿನಾಂಕ ಎದುರಿಗಿದ್ದಾಗ ‘ಶಾಶ್ವತವಾಗಿ’ ಎಂಬ ಪದ ಯಾರ ಕಣ್ಣಿಗೂ ದೊಡ್ಡದಾಗಿ ಕಾಣುವುದಿಲ್ಲ. ಇಂಥದ್ದನ್ನು ಒಬ್ಬೊಬ್ಬರ ಧೈರ್ಯಕ್ಕೆ ಬಿಡಬಾರದು ಎನ್ನುವುದು ಇದಕ್ಕೇ.

ಕೆಲವರು ಹೇಳುತ್ತಾರೆ, ಕನ್ನಡದ ಮಾರುಕಟ್ಟೆ ಚಿಕ್ಕದು, ಯಂತ್ರದ ದನಿಯಾದರೆ ಖರ್ಚು ಕಡಿಮೆ, ಆಗ ಇನ್ನೂ ಹೆಚ್ಚು ಗೇಮ್, ಹೆಚ್ಚು ಕಾರ್ಟೂನ್ ಕನ್ನಡದಲ್ಲಿ ಬರುತ್ತವೆ ಎಂದು. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ನಾನೂ ಕನ್ನಡದಲ್ಲಿ ಹೆಚ್ಚು ಬರಲಿ ಎನ್ನುವವಳೇ. ಆದರೆ ಯಂತ್ರ ಕಲಿಯುವುದು ಯಾರದೋ ದನಿಯಿಂದ ತಾನೆ? ಆ ಯಾರೋ ಒಬ್ಬರಿಗೆ ತಿಳಿಸಿ, ಒಪ್ಪಿಗೆ ಪಡೆದು, ಬಳಸಿದಷ್ಟಕ್ಕೂ ಹಣ ಕೊಟ್ಟರೆ ನನ್ನ ತಕರಾರಿಲ್ಲ. ಇದು ಆಗದ ಮಾತೇನಲ್ಲ. ಇದೇ ಪ್ರಶ್ನೆಯ ಮೇಲೆ ಸ್ಯಾಗ್-ಆಫ್ಟ್ರಾದ ಗೇಮ್ ಕಲಾವಿದರು 2024ರ ಜುಲೈನಿಂದ 2025ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು ಮುಷ್ಕರ ಮಾಡಿದರು. ನಟರ ಡಿಜಿಟಲ್ ನಕಲನ್ನು ಬಳಸುವ ಮುನ್ನ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು ಎಂಬ ಷರತ್ತು ಹೊಸ ಒಪ್ಪಂದದಲ್ಲಿ ಸೇರಿತು. ಅವರ ಬೆನ್ನಿಗೆ ಸಂಘವಿತ್ತು.

ನಮ್ಮಲ್ಲಿಯೂ ಕಾನೂನು ಪೂರ್ತಿ ಖಾಲಿಯಿಲ್ಲ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ಅನುಕರಿಸುವುದಕ್ಕೆ ಬಾಂಬೆ ಹೈಕೋರ್ಟ್ 2024ರಲ್ಲಿ ತಡೆ ನೀಡಿತು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯು ಪ್ರದರ್ಶನ ನೀಡುವವರಿಗೆ ತಮ್ಮ ಹೆಸರು ಗುರುತಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ಉದ್ಯಮದ ರೂಢಿಯಂತೆ ಎಲ್ಲೂ ಹೆಸರು ಹಾಕದ ವ್ಯಕ್ತಿಗೆ ಈ ಹಕ್ಕುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಆದ್ದರಿಂದ ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ನಮ್ಮದೂ ಒಂದಿರಲಿ ಎಂದು ಕೇಳುವುದು ಒಣಜಂಬವಲ್ಲ, ಅದು ನಾಳೆಯ ದಾಖಲೆ. ಅಮೆರಿಕದಲ್ಲಿ ‘ಬಗ್ಸ್ ಬನಿ’ಯ ದನಿ ಮೆಲ್ ಬ್ಲಾಂಕ್ 1940ರ ದಶಕದಲ್ಲಿಯೇ ಪರದೆಯ ಮೇಲೆ ತಮ್ಮ ಹೆಸರು ಹಾಕಿಸಿಕೊಂಡಿದ್ದರು. ಎಂಬತ್ತು ವರ್ಷಗಳ ಬಳಿಕವೂ ನಮ್ಮ ಎಷ್ಟೋ ಕಾರ್ಟೂನ್‌ಗಳಲ್ಲಿ ಕನ್ನಡದ ದನಿ ಯಾರದೆಂದು ಮಕ್ಕಳಿಗೆ ತಿಳಿಯುವುದಿಲ್ಲ.

ಹಾಗಾದರೆ ಈ ಕೆಲಸಕ್ಕೆ ಬರಬೇಡಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ಬನ್ನಿ, ಆದರೆ ತಯಾರಾಗಿ ಬನ್ನಿ. ಡಿಗ್ರಿ ಅರ್ಧಕ್ಕೆ ಬಿಡಬೇಡಿ, ಮೊದಲ ಒಂದೆರಡು ವರ್ಷ ಇದರಿಂದಲೇ ಹೊಟ್ಟೆ ತುಂಬುವುದು ಕಷ್ಟ. ‘ಹತ್ತು ದಿನದಲ್ಲಿ ವಾಯ್ಸ್ ಆರ್ಟಿಸ್ಟ್’ ಎನ್ನುವ ದುಬಾರಿ ಕೋರ್ಸುಗಳಿಗೆ, ಆಡಿಷನ್ ಹೆಸರಿನಲ್ಲಿ ಕೇಳುವ ನೋಂದಣಿ ಶುಲ್ಕಕ್ಕೆ ಹಣ ಸುರಿಯಬೇಡಿ. ಕಾಲೇಜಿನ ನಾಟಕ, ಊರಿನ ರಂಗತಂಡ, ಹೆಗ್ಗೋಡಿನ ನೀನಾಸಂ, ರಂಗಾಯಣ, ಆಕಾಶವಾಣಿಯ ನಾಟಕ ವಿಭಾಗ ಇವು ನಿಜವಾದ ಪಾಠಶಾಲೆಗಳು. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿ. ಅಲ್ಪಪ್ರಾಣ ಮಹಾಪ್ರಾಣ ತಿದ್ದಿಕೊಳ್ಳಿ, ಆದರೆ ನಿಮ್ಮೂರ ಮಾತನ್ನು ಒರೆಸಿಹಾಕಬೇಡಿ. ಕಲಬುರಗಿಯ, ಕುಂದಾಪುರದ ಕನ್ನಡ ಬರೀ ನಗಿಸುವ ಪಾತ್ರಕ್ಕೆ ಮೀಸಲಾಗಿರುವುದು ಬದಲಾಗಬೇಕಾದರೆ ಆ ಭಾಷೆ ಬಲ್ಲವರೇ ಮೈಕ್ ಮುಂದೆ ನಿಲ್ಲಬೇಕು. ಕಿರುಚುವ ಸಾಲುಗಳನ್ನು ಕೊನೆಗೆ ಇಟ್ಟುಕೊಳ್ಳುವಂತೆ ಕೇಳಿ.

ಸಹಿ ಹಾಕುವ ಮೊದಲು ಕಾಗದವನ್ನು ಓದಿ. ಕಾಗದವೇ ಇಲ್ಲದಿದ್ದರೆ, ಯಾವ ಕೆಲಸ, ಎಷ್ಟು ಹಣ, ಎಂದು ಕೊಡುತ್ತಾರೆ, ಎಐಗೆ ಬಳಸುತ್ತಾರೋ ಇಲ್ಲವೋ ಎಂಬುದನ್ನು ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ. ಜೊತೆಯವರು ಎಷ್ಟು ಪಡೆಯುತ್ತಾರೆಂದು ಕೇಳಲು, ನೀವು ಎಷ್ಟು ಪಡೆದಿರೆಂದು ಹೇಳಲು ಸಂಕೋಚ ಬೇಡ. ದರವನ್ನು ಗುಟ್ಟಾಗಿ ಇಡುವುದರಿಂದ ಲಾಭವಾಗುವುದು ನಮಗಂತೂ ಅಲ್ಲ. ಕನ್ನಡದ ದನಿ ಕಲಾವಿದರಿಗಾಗಿ ಒಂದು ಮಾದರಿ ಕರಾರುಪತ್ರ ಕನ್ನಡದಲ್ಲಿಯೇ ಸಿದ್ಧವಾಗಬೇಕು. ಹಿರಿಯ ಕಲಾವಿದರು, ಸಂಘಟನೆಗಳು, ಕಾನೂನು ಓದುತ್ತಿರುವ ನಮ್ಮದೇ ಗೆಳೆಯರು ಕೂತು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ಅಂಥದ್ದೊಂದು ಪತ್ರವಿದ್ದರೆ ಮುಂದಿನ ಸಲ ಫೀಸು ಕಟ್ಟಬೇಕಾದ ಹುಡುಗಿಯೂ ಪ್ರಶ್ನೆ ಕೇಳಬಹುದು, ಕೆಲಸವನ್ನೂ ಉಳಿಸಿಕೊಳ್ಳಬಹುದು.