ಘಾಟಿ ಇಳಿಯೋಕೆ ‘ಡಿ’ ಒಂದೇ ಸಾಲದು

ಗೊಬ್ಬರ ತುಂಬಿದ ಟ್ರೇಲರ್ ಎಳ್ಕೊಂಡು ಇಳಿಜಾರು ಇಳಿಯುವಾಗ, ಅನುಭವ ಇರೋ ಯಾರೂ ಟ್ರ್ಯಾಕ್ಟರನ್ನ ನ್ಯೂಟ್ರಲ್‌ಗೆ ಹಾಕಲ್ಲ. ಇಳಿಯೋ ಮೊದಲೇ ಲೋ ಗೇರ್‌ಗೆ ತರ್ತಾರೆ. ಅವರೇ ಆಟೋಮ್ಯಾಟಿಕ್ ಕಾರು ಹತ್ತಿದರೆ ‘ಡಿ’ಗೆ ಹಾಕಿ ಗೇರ್ ಲಿವರ್ ಮರೆತೇಬಿಡ್ತಾರೆ. ಮಲೆನಾಡಿನಿಂದ ಕರಾವಳಿಗೆ ತರಕಾರಿ, ಬಾಳೆಗೊನೆ ಸಾಗಿಸುವ ನಮ್ಮಂಥವರಿಗೆ ಇದು ಅಪಾಯದ ಅಭ್ಯಾಸ ಅನ್ನೋದು ನನ್ನ ಅಭಿಪ್ರಾಯ.

ಗೇರ್‌ಬಾಕ್ಸ್ ಮುಖ್ಯವಾಗಿ ನೋಡೋದು ಗಾಡಿಯ ವೇಗ ಮತ್ತು ಆಕ್ಸಿಲರೇಟರ್ ಮೇಲಿನ ನಿಮ್ಮ ಕಾಲನ್ನ. ಮುಂದಿನ ತಿರುವು ಅದಕ್ಕೆ ಕಾಣಲ್ಲ. ಇಳಿಜಾರು ಗುರುತಿಸುವ ಗಾಡಿಗಳೂ ಇವೆ, ಆದರೆ ಎಲ್ಲವೂ ಹಾಗಿಲ್ಲ. ನೀವು ಕಾಲು ತೆಗೆದರೆ ಎಂಜಿನ್‌ಗೆ ಕೆಲಸ ಇಲ್ಲ ಅಂದುಕೊಂಡು ಮೇಲಿನ ಗೇರಿಗೆ ಹೋಗುತ್ತೆ. ಆಮೇಲೆ ಗಾಡಿ ಹಿಡಿಯುವ ಕೆಲಸವೆಲ್ಲ ಬ್ರೇಕಿನದ್ದೇ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹಿಂದೆ ಲೋಡ್ ಇಟ್ಟುಕೊಂಡು ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತೆ, ಹಿಡಿತ ಕಮ್ಮಿಯಾಗುತ್ತೆ. ಇನ್ನೂ ಕಾದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತೆ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಹಾಗಾಗಿ ಹಳೆಯದಾದಷ್ಟೂ ಬೇಗ ಕುದಿಯುತ್ತೆ.

ಎಎಂಟಿ ಗಾಡಿಯಾದರೆ ಲಿವರನ್ನ ‘ಎಂ’ಗೆ ತಂದು ಮೈನಸ್ ಕಡೆಗೆ ತಳ್ಳಿ. ಕೆಲವು ಗಾಡಿಯಲ್ಲಿ ‘ಎಲ್’, ‘2’ ಅಥವಾ ‘ಎಸ್’ ಇರುತ್ತೆ. ಯಾವ ಗೇರ್ ಅನ್ನೋದಕ್ಕೆ ಒಂದೇ ಪರೀಕ್ಷೆ: ತಿರುವಿನಲ್ಲಿ ಮಾತ್ರ ಬ್ರೇಕ್ ಬೇಕಾದರೆ ಗೇರ್ ಸರಿ ಇದೆ, ನೇರ ದಾರಿಯಲ್ಲೂ ಒತ್ತುತ್ತಲೇ ಇದ್ದರೆ ಇನ್ನೊಂದು ಇಳಿಸಿ. ಇಳಿಜಾರು ಶುರುವಾಗೋ ಮೊದಲೇ ಇದನ್ನ ಮಾಡಬೇಕು. ವೇಗ ಜಾಸ್ತಿ ಇದ್ದರೆ ಮೊದಲು ಬ್ರೇಕ್ ಒತ್ತಿ ನಿಧಾನ ಮಾಡಿ. ಮಳೆಯಲ್ಲಿ ತಿರುವಿನ ಮಧ್ಯೆ ಥಟ್ಟನೆ ಗೇರ್ ಇಳಿಸಿದರೆ ಚಕ್ರ ಜಾರಬಹುದು. ಎಂಜಿನ್ ಗುರ್ ಅನ್ನುತ್ತೆ, ಹೆದರಬೇಡಿ. ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಅದಕ್ಕೇನೂ ಆಗಲ್ಲ.

‘ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತೆ’ ಅನ್ನೋರು ಪ್ರತಿ ಊರಲ್ಲೂ ಇದ್ದಾರೆ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಆಗೋದು ಉಲ್ಟಾ. ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರವೇ ಎಂಜಿನ್ ತಿರುಗಿಸುತ್ತೆ, ಇಂಧನ ಹೋಗೋದು ಪೂರ್ತಿ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದೇ ಇರೋಕೆ ಇಂಧನ ಕುಡೀತಾನೇ ಇರುತ್ತೆ.

ಹತ್ತುವಾಗ ಸೆಕೆಂಡ್, ಥರ್ಡ್ ಅಂತ ಗೇರ್ ಒದ್ದಾಡ್ತಿದ್ದರೆ ‘ಎಂ’ಗೆ ತಂದು ಸೆಕೆಂಡಿನಲ್ಲೇ ಹಿಡಿದಿಡಿ. ಏರಿನಲ್ಲಿ ಜಾಮ್ ಆದಾಗ ಎಎಂಟಿ ಗಾಡಿಯನ್ನ ಆಕ್ಸಿಲರೇಟರಿನಿಂದ ನಿಲ್ಲಿಸಿಕೊಳ್ಳೋಕೆ ಹೋಗಬೇಡಿ, ಒಳಗಿರೋದು ಮಾಮೂಲಿ ಕ್ಲಚ್ಚೇ, ಸುಟ್ಟುಹೋಗುತ್ತೆ. ಹ್ಯಾಂಡ್‌ಬ್ರೇಕ್ ಎಳೀರಿ.