ಮೂರು ಗುಂಡು ಎದ್ದರೆ ಉಸಿರು ಬಂದೀತೇ?

ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಬಣ್ಣದ ಗುಂಡು, ಬಾಯಿಗಿಟ್ಟು ಎಳೆಯೋಕೆ ಒಂದು ಪೈಪು. 2020-21ರ ಕೋವಿಡ್ ಕಾಲದಲ್ಲಿ ಇದನ್ನು ನೋಡದವರು ಯಾರಿದ್ದೀರಿ? ಈಗ ಅದು ಸಿಓಪಿಡಿ ಇರುವವರ ಮನೆಗೂ ಬಂದು ಕೂತಿದೆ. ಬೀಡಿ ಸೇದಿಯೋ, ಒಲೆಯ ಹೊಗೆ ಕುಡಿದೋ ಶ್ವಾಸಕೋಶ ಕೆಡಿಸಿಕೊಂಡವರ ಕೈಗೆ ಇದನ್ನು ಕೊಟ್ಟು, "ದಿನಾ ಗುಂಡು ಎಬ್ಬಿಸಿ, ಉಸಿರಿನ ಸ್ನಾಯು ಗಟ್ಟಿಯಾಗುತ್ತೆ" ಅಂತ ಕಳಿಸೋದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತೆ.

ಸ್ವಾಮೀ, ಆ ಡಬ್ಬಿ ಇರೋದು ಮುಖ್ಯವಾಗಿ ಆಪರೇಷನ್ ಆದವರಿಗೆ. ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡುವವರು ಆಳವಾಗಿ ಎಳೆದುಕೊಳ್ಳಲಿ ಅಂತ. ಅದರಲ್ಲಿ ಸ್ನಾಯುವಿಗೆ ಅಳೆದು ಕೊಟ್ಟ ಭಾರವೇ ಇಲ್ಲ. ಉಸಿರಿನ ಸ್ನಾಯುವಿಗೆ ತರಬೇತಿ ಕೊಡುವ ಸಾಧನ ಬೇರೆಯೇ ಇದೆ. ಅದರಲ್ಲೊಂದು ಸ್ಪ್ರಿಂಗ್ ಹಾಕಿದ ಕವಾಟ. ಸಾಕಷ್ಟು ಬಲ ಹಾಕಿ ಒಳಗೆಳೆದರೆ ಮಾತ್ರ ತೆರೆಯುತ್ತೆ. ರೋಗಿ ಎಷ್ಟು ಬಲದಿಂದ ಎಳೆಯಬಲ್ಲರು ಅಂತ ಮೊದಲು ಅಳೆದು, ಅದರ ಶೇಕಡಾ 30ರ ಆಸುಪಾಸಿನಲ್ಲಿ ಶುರು ಮಾಡಿ, ಮೆಲ್ಲಗೆ ಏರಿಸುತ್ತಾ ಹೋಗಬೇಕು. ಜಿಮ್ಮಿನಲ್ಲಿ ತೂಕ ಏರಿಸಿದ ಹಾಗೆ.

ಇನ್ನು "ಬಲೂನು ಊದಿ, ಶಂಖ ಊದಿ" ಅನ್ನೋ ಪಂಡಿತರು. ಈ ಕಾಯಿಲೆಯಲ್ಲಿ ಗಾಳಿ ಪೂರ್ತಿ ಹೊರಗೆ ಹೋಗದೆ ಒಳಗೇ ಉಳಿಯುತ್ತೆ. ಗುಮ್ಮಟದ ಹಾಗಿರಬೇಕಾದ ವಪೆ ಚಪ್ಪಟೆಯಾಗಿ, ಉಸಿರು ಎಳೆಯೋಕೆ ಒದ್ದಾಡುತ್ತೆ. ಜೋರಾಗಿ ಊದೋದು ಹೊಟ್ಟೆಯ ಸ್ನಾಯುಗಳ ಕೆಲಸ. ಸೋತಿರೋದು ಒಳಗೆಳೆಯುವ ಸ್ನಾಯು!

ಸರಿ, ಸರಿಯಾದ ಸಾಧನವನ್ನೇ ಕೊಂಡರೆ? ಅದೂ ಮಂತ್ರದಂಡವಲ್ಲ. 2023ರ ಕಾಕ್ರೇನ್ ವಿಮರ್ಶೆ 55 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಈ ತರಬೇತಿಯೊಂದನ್ನೇ ಮಾಡಿದವರಿಗೆ ಏದುಸಿರು ತಗ್ಗುವ, ನಡೆಯುವ ಶಕ್ತಿ ಹೆಚ್ಚುವ ಸಂಭವ ಇದೆ ಅಂದಿತು. ಆದರೆ ಪಲ್ಮನರಿ ರಿಹ್ಯಾಬ್ ಮಾಡುತ್ತಿರುವವರಿಗೆ ಇದನ್ನೂ ಸೇರಿಸಿದಾಗ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ.

ಅಂದರೆ ಮುಖ್ಯವಾದದ್ದು ರಿಹ್ಯಾಬ್. ಏನದು? ಗೊತ್ತಿರುವವರು ಜೊತೆಗೆ ನಿಂತು ಮಾಡಿಸುವ ನಡಿಗೆ, ಕೈಕಾಲಿನ ವ್ಯಾಯಾಮ, ತುಟಿ ಸಣ್ಣಗೆ ಮಾಡಿ ನಿಧಾನ ಉಸಿರು ಬಿಡುವ ಅಭ್ಯಾಸ, ಇನ್ಹೇಲರ್ ಹಿಡಿಯೋ ಕ್ರಮ. 2015ರ ಕಾಕ್ರೇನ್ ವಿಮರ್ಶೆಯಲ್ಲಿ 65 ಪ್ರಯೋಗ, 3822 ರೋಗಿಗಳು. ಉಪಯೋಗ ಇದೆಯೋ ಇಲ್ಲವೋ ಅಂತ ಇನ್ನು ಚರ್ಚೆ ಮಾಡೋ ಅಗತ್ಯವೇ ಇಲ್ಲ.

ನಮ್ಮ ದೊಡ್ಡಮ್ಮ ಬೀಡಿ ಮುಟ್ಟಿದವರಲ್ಲ. ಐವತ್ತು ವರ್ಷ ಸೌದೆ ಒಲೆ ಊದಿದರು. ಒಂದು ಆಸ್ಪತ್ರೆಯವರು ಬಿಲ್ಲಿಗೆ ಗುಂಡಿನ ಡಬ್ಬಿ ಸೇರಿಸಿ ಕಳಿಸಿದರು. "ಇಷ್ಟು ನಡೀರಿ" ಅಂತ ಒಬ್ಬರೂ ಹೇಳಲಿಲ್ಲ. ಏದುಸಿರಿಗೆ ಹೆದರಿ ಮಂಚ ಹಿಡಿದರು. ಕಾಲು ಸೋತಷ್ಟೂ ಏದುಸಿರು ಹೆಚ್ಚಿತು.

ಡಬ್ಬಿಯನ್ನು ಮಾರಬಹುದು. ನಡೆಸೋಕೆ ಮನುಷ್ಯರು ಬೇಕು, ಅವರಿಗೆ ಸಂಬಳ ಕೊಡಬೇಕು. ಅಸಲಿ ಸಮಸ್ಯೆ ಇದೇ ಅಲ್ವಾ?

ನಿಮ್ಮ ಮನೆಯವರ ಕೈಗೆ ಯಾರಾದರೂ ಡಬ್ಬಿ ಕೊಟ್ಟರೆ ಬಿಡಬೇಡಿ, ಕೇಳಿ: "ಡಾಕ್ಟ್ರೇ, ಉಸಿರಿನ ಸ್ನಾಯುವಿನ ಬಲ ಅಳೆದಿದ್ದೀರಾ? ದಿನಾ ಎಷ್ಟು ನಡೀಬೇಕು? ರಿಹ್ಯಾಬ್ ಎಲ್ಲಿದೆ?" ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗಾದರೂ ಉತ್ತರ ಸಿಕ್ಕೀತು.

ನೀವೇನಂತೀರಿ?