ಬೆಂಗಳೂರಿಗೆ ಹೋದವರ ಹೊಟ್ಟೆ

ಕಳೆದ ವಾರ ಕ್ಯಾಲನೂರಿನ ಸಣ್ಣ ಅಂಗಡಿಯವರೊಬ್ಬರು ನಮ್ಮ ಕಛೇರಿಗೆ ಬಂದಿದ್ದರು. ಹಿಂದಿನ ದಿನ ಸರಕು ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿದ್ದವರು. ಮಾತಿನ ನಡುವೆ, "ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟೋನು ರಾತ್ರಿ ಹತ್ತಕ್ಕೆ ಬಂದೆ ಸ್ವಾಮಿ. ಎರಡು ಬಾಳೆಹಣ್ಣು, ಮೂರು ಟೀ, ಅಷ್ಟೇ. ಇನ್ನೂರು ರೂಪಾಯಿ ಉಳೀತು" ಎಂದರು. ದನಿಯಲ್ಲಿ ಹೆಮ್ಮೆಯಿತ್ತು. ಸಂಜೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಕಣ್ಣಿಗೆ ಕತ್ತಲೆ ಬಂದು ಮೂಟೆಯ ಮೇಲೆಯೇ ಕುಳಿತುಬಿಟ್ಟ ಸಂಗತಿ ಆಮೇಲೆ, ನಾವು ಕೆದಕಿ ಕೇಳಿದಾಗ ಹೊರಬಂತು.

ಇದು ಉಳಿತಾಯವಲ್ಲ, ಉಪವಾಸ. ನಮ್ಮ ಜನ ಉಪವಾಸಕ್ಕೆ ಉಳಿತಾಯವೆಂಬ ಮರ್ಯಾದೆಯ ಹೆಸರಿಟ್ಟುಕೊಂಡಿದ್ದಾರೆ. ಈ ವಾರ ನಾವು ಬರೆಯಹೊರಟಿರುವುದು ಆ ಹೆಸರಿನ ವಿರುದ್ಧ.

ಕ್ಯಾಲನೂರಿನಿಂದ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬೆಂಗಳೂರಿಗೆ ಹೋಗುವವರು ಯಾರು? ವಿಹಾರಕ್ಕೆ ಹೋಗುವವರು ಎಷ್ಟು ಮಂದಿ? ವಿಕ್ಟೋರಿಯಾ, ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳ ಚೀಟಿ ಹಿಡಿದವರು, ಕೋರ್ಟು ಕಛೇರಿ ಅಲೆಯುವವರು, ಗಾರೆ ಕೆಲಸದವರು, ಸೊಪ್ಪು ತರಕಾರಿ ಹೊತ್ತವರು, ಪಾಳಿ ಕೆಲಸದ ಕಾರ್ಮಿಕರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಒಳ್ಳೆಯ ಕೆಲಸ, ನಾವು ಸ್ವಾಗತಿಸಿದ್ದೇವೆ. ಆದರೆ ಕಾಸಿಲ್ಲದೆ ಮೆಜೆಸ್ಟಿಕ್ಕಿನಲ್ಲಿ ಇಳಿದ ತಾಯಿಗೆ ಮಧ್ಯಾಹ್ನ ಒಂದು ಗಂಟೆಗೆ ಹಸಿವಾಗುತ್ತದೆ ಎಂಬುದನ್ನು ಯೋಜನೆ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಆ ನಗರ ಉಣ್ಣುವ ಟೊಮೇಟೊ, ಕುಡಿಯುವ ಹಾಲು, ಉಡುವ ರೇಷ್ಮೆಯಲ್ಲಿ ನಮ್ಮ ಸೀಮೆಯ ಪಾಲು ಸಣ್ಣದಲ್ಲ. ಪ್ರತಿಯಾಗಿ ನಮಗೆ ಬಂದದ್ದೇನು? ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯಿಟ್ಟು, ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತ ಶುದ್ಧಿಮಾಡಿ 2018ರಿಂದ ನಮ್ಮ ಕೆರೆಗಳಿಗೆ ಹರಿಸಿದರು. ನೀರಿಲ್ಲದ ಸೀಮೆ, ಅದಕ್ಕೂ ಕೈಯೊಡ್ಡಿತು. ಈ ಲೆಕ್ಕ ಬಲ್ಲವನು ಬೆಂಗಳೂರಿನ ಊಟದ ಮೇಜಿನ ಮುಂದೆ ಸಂಕೋಚಪಡಬೇಕಾದ ಕಾರಣವಿಲ್ಲ.

ಹಾಗಾದರೆ ಹೋದವರು ಎಲ್ಲಿ ಉಣ್ಣಬೇಕು? ನಾವು ಬಲ್ಲಷ್ಟು ಹೇಳುತ್ತೇವೆ. ಮೊದಲನೆಯದಾಗಿ, ಬೆಳಗಿನ ಹೊಟ್ಟೆಯನ್ನು ಊರಿನಲ್ಲಿಯೇ ತುಂಬಿಸಿಕೊಳ್ಳಿ. ಒಂದು ಮುದ್ದೆ ಉಂಡು ಹೊರಟವನಿಗೆ ಮಧ್ಯಾಹ್ನದವರೆಗೆ ಪೇಟೆಯ ಹಂಗಿಲ್ಲ. ಬುತ್ತಿಗೆ ನಾಚಬೇಡಿ. ಮೊಸರನ್ನಕ್ಕಿಂತ ಚಿತ್ರಾನ್ನ ಪ್ರಯಾಣಕ್ಕೆ ಮೇಲು; ಬೇಸಿಗೆಯಲ್ಲಿ ಮೊಸರನ್ನ ಹುಳಿಯಾಗುತ್ತದೆ. ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ, ಮನೆಯ ನೀರಿನ ಬಾಟಲಿ. ಬಸ್ ನಿಲ್ದಾಣದಲ್ಲಿ ನೀರು ಕೊಂಡು ಕುಡಿದ ದುಡ್ಡನ್ನು ಸಂಜೆ ಕೂಡಿಸಿ ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಮಧ್ಯಾಹ್ನಕ್ಕೆ, ಹತ್ತಿರದಲ್ಲಿದ್ದು ಬಾಗಿಲು ತೆರೆದಿದ್ದರೆ, ಇಂದಿರಾ ಕ್ಯಾಂಟೀನು. 2017ರ ಆಗಸ್ಟ್ 16ರಂದು ಆರಂಭವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ದರ ಇಟ್ಟರು. ಇದಕ್ಕೆ ಮಾದರಿ ಚೆನ್ನೈ. ಅಲ್ಲಿ 2013ರಲ್ಲಿ ಅಮ್ಮ ಉಣವಗಂ ತೆರೆದು ಇಡ್ಲಿಗೆ 1 ರೂಪಾಯಿ, ಸಾಂಬಾರ್ ಅನ್ನಕ್ಕೆ 5, ಮೊಸರನ್ನಕ್ಕೆ 3 ರೂಪಾಯಿ ಇಟ್ಟಿದ್ದರು. ಹೆಸರು ಯಾವ ಪಕ್ಷದ ನಾಯಕಿಯದೆಂದು ಉಣ್ಣುವವನು ನೋಡಬೇಕಾಗಿಲ್ಲ. ದುಡ್ಡು ಜನರದು, ಅಕ್ಕಿ ಜನರದು. ನಮ್ಮ ಕೆಲವು ವ್ಯಾಪಾರಿ ಮಿತ್ರರು ಅಲ್ಲಿ ಸಾಲಿನಲ್ಲಿ ನಿಲ್ಲುವುದು ಕೀಳೆಂದು ಭಾವಿಸುತ್ತಾರೆ. ಒಂದು ಕಾಲದಲ್ಲಿ ನಮ್ಮ ಪಟ್ಟಣಗಳ ಹೋಟಲುಗಳಲ್ಲಿ ಬ್ರಾಹ್ಮಣರಿಗೇ ಬೇರೆ ಕೋಣೆಯಿತ್ತು. ದಲಿತರಿಗೆ ಹೊರಗಡೆ ಬೇರೆ ಲೋಟ. ಅಸ್ಪೃಶ್ಯತೆಯ ವಿರುದ್ಧ 1955ರಲ್ಲಿ ಕಾಯಿದೆಯೇ ಬರಬೇಕಾಯಿತು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಅನ್ನ ಉಣ್ಣುವ ಜಾಗ ನಮಗೆ ಸುಲಭವಾಗಿ ಸಿಕ್ಕಿದ್ದಲ್ಲ. ಹಲಸೂರಿನ ಗುರುದ್ವಾರದ ಪಂಕ್ತಿಯಲ್ಲಿಯೂ ಯಾರ ಜಾತಿಯನ್ನೂ ಕೇಳುವುದಿಲ್ಲ, ದುಡ್ಡನ್ನೂ ಕೇಳುವುದಿಲ್ಲ.

ಹೋಟಲಿಗೇ ಹೋಗುವವರು ಹಲಗೆಯ ಮೇಲಿನ ದರ ಓದಿ ಕುಳಿತುಕೊಳ್ಳಿ. ನಾಲ್ಕು ಸಲ ಬೋಂಡ, ಟೀ ಎಂದು ನಾಲಿಗೆಗೆ ಕೊಡುವ ದುಡ್ಡಿನಲ್ಲಿ ಒಂದು ಹೊತ್ತಿನ ಪೂರ್ಣ ಊಟವಾಗುತ್ತದೆ. ಮಾಂಸ ತಿನ್ನುವವರಿಗೆ ಹಳೆಯ ಮಿಲಿಟರಿ ಹೋಟಲುಗಳ ಮುದ್ದೆ ಸಾರು ಹೊಟ್ಟೆ ಹಿಡಿಯುವ ಊಟ. ಬಿಲ್ಲು ಬಂದಾಗ ಕಣ್ಣು ಮುಚ್ಚಿ ದುಡ್ಡು ಕೊಡಬೇಡಿ. ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕಾಂಪೊಸಿಷನ್ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ಹೋಟಲಿನವರು ಗಿರಾಕಿಯಿಂದ ಪ್ರತ್ಯೇಕವಾಗಿ ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲ. ಕೇಳುವುದು ಜಗಳವಲ್ಲ.

ಇಷ್ಟು ಬರೆದ ಮೇಲೆ ಹೋಟಲಿನವರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಓದುಗರಲ್ಲಿ ಅವರೂ ಇದ್ದಾರೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಟೊಮೇಟೊ ಪೆಟ್ಟಿಗೆ ಎರಡು ಸಾವಿರ ರೂಪಾಯಿ ದಾಟಿತು. ಆಗಸ್ಟ್ 1ರಿಂದ ಹಾಲು ಲೀಟರಿಗೆ 3 ರೂಪಾಯಿ ಏರಿತು. ಅದೇ ದಿನದಿಂದ ಬೆಂಗಳೂರಿನ ಹೋಟಲು ಮಾಲಿಕರು ದರವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರು. ನಮ್ಮ ರೈತನಿಗೆ ಒಂದು ತಿಂಗಳು ದಕ್ಕಿದ ಬೆಲೆ ಇಳಿದುಹೋಯಿತು, ತಟ್ಟೆಯ ಮೇಲೆ ಏರಿದ ದರ ಇಳಿಯಲಿಲ್ಲ. ಆದರೆ ಬಾಡಿಗೆ, ಗ್ಯಾಸು, ಸಾಲಗಳ ನಡುವೆ ನಾಲ್ಕು ಮೇಜು ಹಾಕಿಕೊಂಡವನ ಮೇಲೆ ದರ ಕಡಿಮೆ ಮಾಡೆಂದು ಲಾಠಿ ಬೀಸಿದರೆ ಅನ್ನ ಅಗ್ಗವಾಗುವುದಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಅದೂ ಆಯಿತು. ಸರ್ಕಾರ ಹೇಳಿದ ಕಡಿಮೆ ದರಕ್ಕೆ ಬಡಿಸಲಾರದೆ ಮಾವಳ್ಳಿಯ ಎಂ.ಟಿ.ಆರ್. ಸಂಸ್ಥೆಯೇ ಪೊಟ್ಟಣದ ತಿಂಡಿ ಹಿಟ್ಟುಗಳ ವ್ಯಾಪಾರಕ್ಕೆ ಇಳಿಯಬೇಕಾಯಿತು. ಬಡವನಿಗೆ ಅನ್ನ ಕೊಡುವ ಹೊಣೆ ಸರ್ಕಾರದ್ದು. ಅದನ್ನು ಸಣ್ಣ ಹೋಟಲಿನವನ ತಲೆಗೆ ಕಟ್ಟುವುದು ಸಮಾಜವಾದವಲ್ಲ.

1948ರ ಕಾರ್ಖಾನೆ ಕಾಯಿದೆ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನನ್ನು ಕಡ್ಡಾಯ ಮಾಡಲು ದಾರಿ ತೆರೆಯಿತು. ಗಿರಣಿ ಕಾರ್ಮಿಕರು ಅಗ್ಗದ ಊಟವನ್ನು ಭಿಕ್ಷೆಯಾಗಿ ಅಲ್ಲ, ಹಕ್ಕಾಗಿ ಉಂಡರು. ಗೇಟಿನ ಒಳಗಿದ್ದ ಆ ಹಕ್ಕು ಗೇಟಿನ ಹೊರಗೆ, ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕುಳಿತ ಅವರ ಹೆಂಡತಿಗೆ ಏಕಿಲ್ಲ? 1963ರಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದಾಗ ಸರ್ಕಾರ ಹದಿನೈದಾಣೆಯ ಲೆಕ್ಕ ತೋರಿಸಿತು. ಎರಡು ಬಾಳೆಹಣ್ಣಿನಲ್ಲಿ ದಿನ ಕಳೆದ ನಮ್ಮ ಅಂಗಡಿಯವರು ಯಾವ ಸರಾಸರಿಯಲ್ಲಿ ಬರುತ್ತಾರೆ?

ಇಂದಿರಾ ಕ್ಯಾಂಟೀನುಗಳ ಕಷ್ಟ ಗುಟ್ಟಿನದಲ್ಲ. ಗುತ್ತಿಗೆದಾರರ ಬಿಲ್ಲು ಬಾಕಿ ಉಳಿದು ಕೆಲವು ಕಡೆ ಬಾಗಿಲು ಮುಚ್ಚಿದ ವರದಿಗಳು ಬಂದಿವೆ. ಗುತ್ತಿಗೆದಾರನೇ ಏಕೆ ಬೇಕು? 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಬೆಂಗಳೂರಿನಲ್ಲಿಯೇ ಸಹಕಾರ ಸಂಘ ಕಟ್ಟಿ ತಾವೇ ಕಾಫಿ ಹೌಸು ನಡೆಸಿದರು. ಬಡಿಸುವವನೇ ಮಾಲಿಕನಾದ. ರೈಲು ನಿಲ್ದಾಣದ ಮುಂದೆ ಗುಬ್ಬಿ ತೋಟದಪ್ಪನವರು ಒಬ್ಬ ವ್ಯಾಪಾರಿಯಾಗಿದ್ದುಕೊಂಡು ಪರಸ್ಥಳದವರಿಗೆ ಛತ್ರ ಕಟ್ಟಿಸಿದರು; 1903ರಲ್ಲಿ ಅದರ ಬಾಗಿಲು ತೆರೆಯಿತು. ಒಬ್ಬ ವ್ಯಾಪಾರಿಯ ಕೈಯಲ್ಲಾದದ್ದು, 2025ರ ಸೆಪ್ಟೆಂಬರಿನಲ್ಲಿ ಒಂದಿದ್ದದ್ದು ಐದಾದ ಬೆಂಗಳೂರಿನ ಪಾಲಿಕೆಗಳ ಕೈಯಲ್ಲಿ ಆಗದೆ?

ನಮ್ಮ ಒತ್ತಾಯ ಇಷ್ಟು. ಮೆಜೆಸ್ಟಿಕ್, ಕಲಾಸಿಪಾಳ್ಯ, ಕೆ.ಆರ್. ಮಾರುಕಟ್ಟೆ ಮತ್ತು ದೊಡ್ಡ ಸರ್ಕಾರಿ ಆಸ್ಪತ್ರೆಗಳ ಬಾಗಿಲಿನಲ್ಲಿ ಸರ್ಕಾರದ ಕ್ಯಾಂಟೀನು ನಸುಕಿನಿಂದ ಕೊನೆಯ ಬಸ್ಸು ಹೊರಡುವವರೆಗೆ ತೆರೆದಿರಬೇಕು. ಊಟದಲ್ಲಿ ದಿನವೂ ಮುದ್ದೆ ಇರಬೇಕು. ಕುಡಿಯುವ ನೀರು ಬಿಟ್ಟಿ ಇರಬೇಕು. ನಡೆಸುವ ಕೆಲಸ ಅಡುಗೆಯವರ, ಬಡಿಸುವವರ ಸಹಕಾರ ಸಂಘಗಳಿಗೆ ಸಿಗಬೇಕು, ಅವರ ಸಂಬಳ ತಿಂಗಳು ತಪ್ಪದೆ ಬರಬೇಕು. ಈ ಮನವಿಯನ್ನು ಜಿಲ್ಲೆಯ ಶಾಸಕರೆಲ್ಲರಿಗೂ ಕಳುಹಿಸುತ್ತಿದ್ದೇವೆ.

ಓದುಗ ಮಿತ್ರರು ಮುಂದಿನ ಸಲ ಬೆಂಗಳೂರಿಗೆ ಹೋದಾಗ ಎಲ್ಲಿ ಉಂಡಿರಿ, ಏನು ಉಂಡಿರಿ, ಎಷ್ಟು ಕೊಟ್ಟಿರಿ, ಯಾವ ಕ್ಯಾಂಟೀನಿನ ಬಾಗಿಲು ಯಾವ ಹೊತ್ತಿನಲ್ಲಿ ಮುಚ್ಚಿತ್ತು ಎಂಬುದನ್ನು ತಾರೀಖು ಸಹಿತ ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿ. ಉಣ್ಣದೆ ಬಂದಿದ್ದರೆ ಅದನ್ನೂ ಬರೆಯಿರಿ. ಬಂದ ಕಾರ್ಡುಗಳನ್ನು ಮನವಿಯ ಜೊತೆಗೆ ಇಡುತ್ತೇವೆ.